ಮಾವನ ರುಮಾಲು

1946ರ ಮಾಘ ಮಾಸದ ಒಂದು ಬುಧವಾರ ವಿಜಾಪುರದ ಅಶಕ್ತರ ಆಶ್ರಮದಿಂದ ತಿಕೋಟಾದ ರಾಚಪ್ಪನವರ ರುಮಾಲು ಮಧ್ಯಾಹ್ನದ ಬಸ್ಸಿನಲ್ಲಿ ಅವರ ಮನೆಗೆ ಹೋಯಿತು. ರಾಚಪ್ಪನವರು ಆಶ್ರಮದಲ್ಲೇ ಉಳಿದರು. ರುಮಾಲನ್ನು ಗಂಟು ಕಟ್ಟಿ, ಚೀಟಿ ಹಚ್ಚಿ ಕಳಿಸಿದವನು ನಾನು. ಆಗ ನಾನು ಅಲ್ಲಿ ಕಾರಕೂನನಾಗಿದ್ದೆ. ಚೀಟಿಯಲ್ಲಿ ಹೆಸರು ಮತ್ತು ಊರು ಬರೆದಿದ್ದೆ. ಕಾರಣ ಬರೆದಿರಲಿಲ್ಲ.

ಮರುದಿನ ಅದನ್ನು ತಿರುಗಿ ತಂದವರು ರಾಚಪ್ಪನವರ ಸೊಸೆ ನೀಲವ್ವ.

ನೀಲವ್ವ ಬಬಲೇಶ್ವರದ ಮಗಳು. ನಲವತ್ತರ ಆಸುಪಾಸಿನ, ಎತ್ತರದ, ಸಣಕಲು ಹೆಂಗಸು. ಮಾವನ ಎದುರು ಮಾತಾಡುವ ರೂಢಿ ಅವರ ಮನೆಯಲ್ಲಿರಲಿಲ್ಲ. ಆದ್ದರಿಂದ ಮಾವನಿಗೆ ಹೇಳಬೇಕಾದದ್ದನ್ನೆಲ್ಲ ಅವರು ಕಂಬಕ್ಕೆ ಹೇಳುತ್ತಿದ್ದರು. ರವಿವಾರ ಸಂತೆಯ ಗಾಡಿಯಲ್ಲಿ ಬಂದು, ಸೆರಗು ಮುಂದೆಳೆದುಕೊಂಡು ಆಶ್ರಮದ ಪಡಸಾಲೆಯ ಮೊದಲ ಕಂಬದ ಮರೆಗೆ ನಿಂತು, "ರೊಟ್ಟಿ ಮೆತ್ತಗ ಮಾಡೇನಿ, ಹಲ್ಲಿಗೆ ಹತ್ತೂದಿಲ್ಲ" ಎಂದು ಕಂಬಕ್ಕೆ ತಿಳಿಸುತ್ತಿದ್ದರು. ಒಳಗೆ ಮಂಚದ ಮೇಲಿಂದ ರಾಚಪ್ಪನವರು, "ಶೇಂಗಾ ಹಿಂಡಿಗೆ ಉಪ್ಪ ಕಡಿಮಿ ಆಗೇತಿ" ಎಂದು ಅದೇ ಕಂಬಕ್ಕೆ ಉತ್ತರ ಕೊಡುತ್ತಿದ್ದರು. ಲಕ್ವಾ ಹೊಡೆದ ಮೇಲೆ ಅವರ ಮಾತು ತೊದಲಾಗಿತ್ತು. ನಮಗೆ ಅರ್ಧ ತಿಳಿಯುತ್ತಿತ್ತು. ಕಂಬದ ಆಚೆಗೆ ಪೂರ್ತಿ ತಿಳಿಯುತ್ತಿತ್ತು.

ಮಾವನನ್ನು ಆಶ್ರಮಕ್ಕೆ ಸೇರಿಸೋಣ ಎಂದವರೂ ನೀಲವ್ವನೇ ಎಂದು ಅವರ ಗಂಡ ಸಂಗಪ್ಪ ನನಗೆ ಹೇಳಿದ್ದರು. ಎಡಗೈ, ಎಡಗಾಲು ಬಿದ್ದಿದ್ದವು. ದಿನಾ ಎಣ್ಣೆ ತಿಕ್ಕಿ ಕಾಲು ಎಳೆಯಬೇಕು, ವಾರಕ್ಕೆರಡು ಸಲ ತಾವು ನೋಡಬೇಕು ಎಂದು ಡಾಕ್ಟರರು ಹೇಳಿದ್ದರು. ಪೆಟ್ರೋಲು ಸಿಗದೆ ತಿಕೋಟಾದ ಬಸ್ಸು ಇದ್ದಲಿನ ಹೊಗೆಯ ಮೇಲೆ ನಡೆಯುತ್ತಿತ್ತು. ಬಂದರೆ ಬಂತು, ಇಲ್ಲವಾದರೆ ಇಲ್ಲ. ಪೇಟೆಯ ವ್ಯಾಪಾರಿಗಳು ಸೇರಿ ನಡೆಸುತ್ತಿದ್ದ ನಮ್ಮ ಆಶ್ರಮ ದವಾಖಾನೆಗೆ ಹತ್ತಿರವಿತ್ತು. ಓಣಿಯ ಹೆಂಗಸರು ಬಾವಿಯ ಬಳಿ, ಮಾವನನ್ನು ಧರ್ಮದ ಕೂಳಿಗೆ ಹಾಕಿ ಬಂದಳು ಎಂದು ಆಡಿಕೊಂಡರಂತೆ. ನೀಲವ್ವ ಕೊಡ ತುಂಬಿಕೊಂಡು ಹೊರಡುವಾಗ, "ಇಟ್ಟೇವಿ, ಬಿಟ್ಟಿಲ್ಲ" ಎಂದಷ್ಟೇ ಹೇಳಿದ್ದರಂತೆ.

ಆ ಮಾತು ನಿಜವಾಗಿತ್ತು. ಒಂದು ರವಿವಾರವೂ ತಪ್ಪಲಿಲ್ಲ. ಬಂದಾಗ ಸಂಗಪ್ಪನವರ ಮೊದಲ ಕೆಲಸ ತಂದೆಯ ರುಮಾಲು ಕಟ್ಟುವುದು. ಕೆಂಪು ರುಮಾಲು, ಬಲಗಿವಿಯ ಮೇಲೆ ಉಳಿದವರಿಗಿಂತ ಒಂದು ಮಡಿಕೆ ಹೆಚ್ಚು. ರಾಚಪ್ಪನವರು ರಾತ್ರಿ ಅದನ್ನು ಬಿಚ್ಚದೆ, ಟೊಪ್ಪಿಗೆಯ ಹಾಗೆ ಬಲಗೈಯಿಂದ ಎತ್ತಿ ಗೂಡಿನಲ್ಲಿಡುತ್ತಿದ್ದರು. ಬೆಳಿಗ್ಗೆ ತಲೆಗಿಟ್ಟುಕೊಂಡು ಆಮೇಲೆಯೇ ಚಹಾ ಮುಟ್ಟುತ್ತಿದ್ದರು. ಬರಿದಲೆಯಲ್ಲಿ ಅವರು ಉಂಡದ್ದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಆ ಬುಧವಾರ ವ್ಯವಸ್ಥಾಪಕರು ಕ್ಷೌರಿಕನನ್ನು ಕರೆಸಿ ಎಲ್ಲರ ತಲೆ ಬೋಳಿಸಿದರು. ಇಬ್ಬರ ತಲೆಯಲ್ಲಿ ಹೇನು ಸಿಕ್ಕಿದ್ದವು. ರುಮಾಲುಗಳಲ್ಲಿ ಹೇನು ಉಳಿಯುತ್ತವೆ, ಎಲ್ಲವನ್ನೂ ಅವರವರ ಮನೆಗೆ ಕಳಿಸಿಬಿಡು ಎಂದು ನನಗೆ ಅಪ್ಪಣೆಯಾಯಿತು. ಅವರು ಕೆಟ್ಟವರಲ್ಲ. ಹೇನಿನಿಂದ ಬರುವ ಜ್ವರದಲ್ಲಿ ಸತ್ತವರನ್ನು ಕಂಡವರು. ರಾಚಪ್ಪನವರು ಹೆಗಲ ಮೇಲಿನ ವಸ್ತ್ರವನ್ನು ತಲೆಯ ಮೇಲೆಳೆದುಕೊಂಡು ಗೋಡೆಯ ಕಡೆ ಮುಖ ಮಾಡಿದರು. ಮಧ್ಯಾಹ್ನ ಉಣ್ಣಲಿಲ್ಲ, ಸಂಜೆ ಉಣ್ಣಲಿಲ್ಲ. ಗುರುವಾರ ಬೆಳಿಗ್ಗೆ ನೀರನ್ನೂ ಮುಟ್ಟಲಿಲ್ಲ. ಡಾಕ್ಟರರು ಬಂದು ನಾಡಿ ನೋಡಿದರು. ಹನ್ನೆರಡರೊಳಗೆ ನೀರು ಇಳಿಯದಿದ್ದರೆ ದವಾಖಾನೆಗೆ ತನ್ನಿ, ಮೂಗಿನಿಂದ ನಳಿಗೆ ಹಾಕುತ್ತೇನೆ, ಈ ವಯಸ್ಸಿನ ಜೀವ ಅದನ್ನು ತಡೆದೀತೆಂದು ಹೇಳಲಾರೆ ಎಂದರು. ವ್ಯವಸ್ಥಾಪಕರು ಟಾಂಗಾ ತರಿಸಿ ಬಾಗಿಲಿಗೆ ನಿಲ್ಲಿಸಿದರು.

ಒಂಬತ್ತೂವರೆಗೆ ತಿಕೋಟಾದ ಚಕ್ಕಡಿ ಬಂತು. ಮುಂದೆ ಸಂಗಪ್ಪ, ಬರಿದಲೆಯಲ್ಲಿ. ಹಿಂದೆ ನಾಲ್ವರು ಗಂಡಸರು. ಕೊನೆಗೆ ನೀಲವ್ವ, ಉಡಿಯಲ್ಲಿ ನಾನು ಕಟ್ಟಿದ್ದ ಗಂಟು. ಸಂಗಪ್ಪ ನನ್ನ ಎದುರು ನಿಂತು, "ಎಲ್ಲಿ ಮಲಗಿಸೀರಿ?" ಎಂದರು.

ನನಗೆ ತಿಳಿಯಲಿಲ್ಲ. ಮಂಚದ ಮೇಲೆಯೇ ಇದ್ದಾರೆ ಎಂದೆ.

ಹತ್ತು ವರ್ಷದ ಹಿಂದೆ ರಾಚಪ್ಪನವರ ತಮ್ಮ ಸೋಲಾಪುರದ ಗಿರಣಿಯಲ್ಲಿ ತೀರಿಕೊಂಡಾಗ ಮನೆಗೆ ಮೊದಲು ಬಂದದ್ದು ಅವರ ರುಮಾಲು. ಆ ಮನೆಯಲ್ಲಿ ಕಟ್ಟಿಕೊಂಡವರಿಲ್ಲದೆ ಬರೀ ರುಮಾಲು ಬಂದರೆ ಅದಕ್ಕೆ ಒಂದೇ ಅರ್ಥವಿತ್ತು. ನನ್ನ ಚೀಟಿಯನ್ನು ಓದಿದವರಿಗೆ ಹೆಸರು ಸಿಕ್ಕಿತು, ಊರು ಸಿಕ್ಕಿತು. ಉಳಿದದ್ದನ್ನು ಅವರೇ ತುಂಬಿಕೊಂಡರು. ಸಂಗಪ್ಪ ಬರಿದಲೆಯಲ್ಲಿ ಬಂದದ್ದು ತಂದೆ ತೀರಿಕೊಂಡರೆಂದು, ನಾಲ್ವರು ಬಂದದ್ದು ಹೆಗಲು ಕೊಡಲಿಕ್ಕೆ.

ಸದ್ದಿಗೆ ರಾಚಪ್ಪನವರು ಈ ಕಡೆ ಹೊರಳಿದರು. ತಲೆಯ ವಸ್ತ್ರ ಜಾರದಂತೆ ಬಲಗೈಯಿಂದ ಹಿಡಿದುಕೊಂಡೇ ಮಗನ ಬರಿದಲೆಯನ್ನು ನೋಡಿದರು, ನಾಲ್ವರನ್ನು ನೋಡಿದರು.

"ಯಾರ ಸತ್ತಾರೋ?" ಎಂದರು. ಮಗನ ತಲೆಯನ್ನು ಮತ್ತೊಮ್ಮೆ ನೋಡಿ, "ನಾನ ಏನು?" ಎಂದರು.

ಸಂಗಪ್ಪ ಮಂಚದ ಹತ್ತಿರ ಹೋಗಿ ತಂದೆಯ ಕಾಲು ಹಿಡಿದರು. ಕಂಬದ ಮರೆಯಿಂದ ನೀಲವ್ವ ಗಂಡನಿಗೆ ಹೇಳಿದರು: "ಮೊದಲ ನಿಮ್ಮ ತಲಿಗೆ ಏನರ ಸುತ್ತಿಕೋರಿ. ನಿಮ್ಮನ್ನ ನೋಡಿದ್ರ ಅವರು ಹೌದಂತ ತಿಳಿದಾರು."

ನಾಲ್ವರಲ್ಲೊಬ್ಬರು ತಮ್ಮ ವಸ್ತ್ರ ಕೊಟ್ಟರು. ಸಂಗಪ್ಪ ಸುತ್ತಿಕೊಂಡರು. ಆಮೇಲೆ ನೀಲವ್ವ ನನ್ನನ್ನು ಕೇಳಿ ನಡೆದದ್ದನ್ನೆಲ್ಲ ತಿಳಿದುಕೊಂಡರು. ಬೈಯಲಿಲ್ಲ. ನಾನು ಹೇಳಿ ಮುಗಿಸುವವರೆಗೆ ಗಂಟನ್ನು ಉಡಿಯಿಂದ ತೆಗೆಯಲೂ ಇಲ್ಲ.

ವ್ಯವಸ್ಥಾಪಕರು ಬಂದು, ಆದದ್ದಕ್ಕೆ ವಿಷಾದವಿದೆ, ಆದರೆ ರುಮಾಲು ಒಳಗೆ ಬರುವಂತಿಲ್ಲ ಎಂದರು. ಹೇನಿನ ಮಾತು ಹೇಳಿದರು. ಕುದಿಸಿದರೆ ಎಂದು ನೀಲವ್ವ ಕೇಳಿದರು. ಕುದಿಸಿದರೆ ಸಾಯುತ್ತವೆ ಎಂದು ಅವರು ಒಪ್ಪಬೇಕಾಯಿತು. ಆದರೂ ಬಿಡಲಿಲ್ಲ. "ಒಬ್ಬರಿಗೆ ಬಿಟ್ರ ನಾಳೆ ಎಲ್ಲಾರೂ ಕೇಳತಾರವ್ವಾ."

"ಕೇಳಲಿ ಬಿಡ್ರಿ. ಅವರಿಗೂ ತಲಿ ಅದಾವಲ್ಲ."

ವ್ಯವಸ್ಥಾಪಕರು ಗಡಿಯಾರ ನೋಡಿದರು. ಹತ್ತೂ ಕಾಲು. ಹನ್ನೆರಡಕ್ಕೆ ಟಾಂಗಾ ಹೊರಡುತ್ತದೆ, ಅಷ್ಟರೊಳಗೆ ಏನು ಮಾಡುತ್ತೀರೋ ಮಾಡಿ ಎಂದರು.

ಬಚ್ಚಲ ಹಂಡೆಯ ಕೆಳಗೆ ಉರಿ ಹಾಕಿ ನೀಲವ್ವ ರುಮಾಲನ್ನು ಕುದಿಸಿದರು. ನೀರು ಕೆಂಪಾಯಿತು. ಹಿಂಡಿ ತೆಗೆಯುವಾಗ ಹನ್ನೊಂದಾಗಿತ್ತು. ಮಾಘದ ಬಿಸಿಲು ಎಳೆಯದು, ಹಗ್ಗಕ್ಕೆ ಹಾಕಿದರೆ ಆರುವ ಭರವಸೆಯಿರಲಿಲ್ಲ. ಹೆಗಲು ಕೊಡಲು ಬಂದಿದ್ದ ನಾಲ್ವರನ್ನು ಅವರು ಅಂಗಳಕ್ಕೆ ಕರೆದು ಒಬ್ಬೊಬ್ಬರ ಕೈಗೆ ಒಂದೊಂದು ಮೂಲೆ ಕೊಟ್ಟರು. ಅವರು ಅದನ್ನು ಬಿಗಿಯಾಗಿ ಹಿಡಿದು, ಗಾಳಿಗೆ ಬೀಸುತ್ತ ಅಂಗಳದ ಆ ತುದಿಯಿಂದ ಈ ತುದಿಗೆ ನಡೆದರು. ಮಂಚಗಳ ಮೇಲಿದ್ದವರು ಕಿಟಕಿಗೆ ಬಂದು ನಿಂತರು. ವ್ಯವಸ್ಥಾಪಕರೂ ಮೆಟ್ಟಿಲ ಮೇಲೆ ನಿಂತಿದ್ದರು.

ಹನ್ನೊಂದೂ ಮುಕ್ಕಾಲಿಗೆ ಬಟ್ಟೆ ಆರಿತು. ಸಂಗಪ್ಪ ಕಟ್ಟಲು ಕೂತರು. ಅವಸರದಲ್ಲಿ ಎರಡು ಸಲ ಕಟ್ಟಿದರು, ಎರಡು ಸಲವೂ ಬಿಚ್ಚಿಹೋಯಿತು. ಟಾಂಗಾದವನು ಹೊರಗಿನಿಂದ ಕೂಗಿದ. ಆಗ ನೀಲವ್ವ ನನ್ನನ್ನು ಕರೆದು ಒಂದು ಸಣ್ಣ ಕೊಡ ಕೇಳಿದರು. ನಾನು ಎರಡು ತಂದುಕೊಟ್ಟೆ. ಒಂದನ್ನು ಮಾವನ ತಲೆಯ ಅಳತೆಗೆ ದೊಡ್ಡದೆಂದು ಸರಿಸಿದರು. ಇನ್ನೊಂದನ್ನು ಬೋರಲು ಹಾಕಿ, ರುಮಾಲನ್ನು ತರಿಸಿಕೊಂಡು, ಅದರ ಮೇಲೆ ಸುತ್ತತೊಡಗಿದರು. ಕೈ ಎಲ್ಲಿಯೂ ತಡೆಯಲಿಲ್ಲ. ಬಲಗಡೆಗೆ ಒಂದು ಮಡಿಕೆ ಹೆಚ್ಚು. ಎತ್ತಿ ಗಂಡನ ಕೈಗೆ ಕೊಟ್ಟರು. ಇಪ್ಪತ್ತೆರಡು ವರ್ಷ ಅಡಿಗೆಮನೆಯ ಬಾಗಿಲ ಸಂದಿಯಿಂದ ದಿನಾ ಬೆಳಿಗ್ಗೆ ಮಾವ ಕಟ್ಟಿಕೊಳ್ಳುವುದನ್ನು ನೋಡಿದ್ದು, ಕಟ್ಟಿದ್ದು ಅವತ್ತೇ ಮೊದಲು ಎಂದು ಆಮೇಲೆ ನನಗೆ ಹೇಳಿದರು. ಮಾವನ ತಲೆಯನ್ನು ಅವರು ಎಂದೂ ಮುಟ್ಟಿರಲಿಲ್ಲ, ಆಗಲೂ ಮುಟ್ಟಲಿಲ್ಲ.

ಸಂಗಪ್ಪ ಅದನ್ನು ತಂದೆಯ ತಲೆಗಿಟ್ಟರು. ರಾಚಪ್ಪನವರು ಬಲಗೈಯನ್ನು ಎತ್ತಿ ಮಡಿಕೆ ಮುಟ್ಟಿ ನೋಡಿಕೊಂಡರು. ನೀರು ಕೇಳಿದರು. ತಂಬಿಗೆ ಖಾಲಿಯಾಯಿತು.

"ಕಂಬಕ್ಕ ಹೇಳ್ರಿ," ಎಂದರು. "ಛಲೋ ಕಟ್ಟೈತಿ."

ಟಾಂಗಾ ಖಾಲಿಯೇ ಹೋಯಿತು. ನೀಲವ್ವ ಹೊರಡುವ ಮೊದಲು ನನ್ನನ್ನು ಪಡಸಾಲೆಯಲ್ಲಿ ಕೂಡಿಸಿದರು. "ತಮ್ಮಾ, ಕಳಿಸಿದಾಂವ ನೀನು. ಇನ್ನ ವಾರದಾಗ ಬಿಚ್ಚಿದ್ರ ಕಟ್ಟಾಂವನೂ ನೀನ." ಕೊಡದ ಮೇಲೆ ನನ್ನಿಂದ ಐದು ಸಲ ಕಟ್ಟಿಸಿದರು. ನಾಲ್ಕನೆಯದನ್ನು ನೋಡಿ, ಇದು ಬಾಣಂತಿ ತಲಿಗೆ ಕಟ್ಟಿದಂಗಾತು ಎಂದರು. ಐದನೆಯದನ್ನು ನೋಡಿ ಎದ್ದು ಚಕ್ಕಡಿ ಹತ್ತಿದರು.

ಆ ವರ್ಷ ಬಟ್ಟೆ ರೇಷನ್ ಕಾರ್ಡಿನ ಮೇಲೆ ಸಿಗುತ್ತಿತ್ತು. ಅವರ ಮನೆಗೆ ಬಂದ ಪಾಲಿನಲ್ಲಿ ಎರಡನೆಯ ರುಮಾಲೊಂದಾಯಿತು. ಸಂಗಪ್ಪ ತೇಪೆ ಹಾಕಿದ ಅಂಗಿಯಲ್ಲೇ ಸಂತೆಗೆ ಬಂದರು. ರವಿವಾರಕ್ಕೊಮ್ಮೆ ಒಂದು ಕುದಿಯುತ್ತಿತ್ತು, ಒಂದು ತಲೆಯ ಮೇಲಿರುತ್ತಿತ್ತು. ಬೇಸಿಗೆಯ ಹೊತ್ತಿಗೆ ಉಳಿದವರ ಮನೆಗಳಿಂದಲೂ ರುಮಾಲುಗಳು ತಿರುಗಿ ಬಂದವು. ರವಿವಾರ ಹಂಡೆಯ ಸುತ್ತ ಹೊನವಾಡದವರು, ಕಳ್ಳಕವಟಗಿಯವರು ಸಾಲು ಹಿಡಿದು ನಿಲ್ಲುತ್ತಿದ್ದರು. ಯಾರದು ಮೊದಲು ಎಂದು ಜಗಳ ಬಿದ್ದರೆ ವ್ಯವಸ್ಥಾಪಕರು ನೀಲವ್ವನನ್ನು ಕರೆಯುತ್ತಿದ್ದರು.

ರಾಚಪ್ಪನವರು 1949ರ ಮಳೆಗಾಲದಲ್ಲಿ, ಬೆಳಗಿನ ಚಹಾ ಕುಡಿದ ಮೇಲೆ, ಮಂಚದ ಮೇಲೆಯೇ ತೀರಿಕೊಂಡರು. ಸುದ್ದಿಯನ್ನು ಚೀಟಿಯಲ್ಲಿ ಬರೆಯದೆ ನಾನೇ ತಿಕೋಟಾಕ್ಕೆ ಹೋದೆ. ನೀಲವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನ ಮುಖ ನೋಡಿದರು, ಆಮೇಲೆ ಖಾಲಿ ಕೈಗಳನ್ನು ನೋಡಿದರು. ಮೊರವನ್ನು ಬದಿಗಿಟ್ಟು ಎದ್ದು ನಿಂತರು.

"ರುಮಾಲು?"

"ತಲಿ ಮ್ಯಾಲ ಐತ್ರಿ."

ಅವರು ಒಳಗೆ ಹೋಗಿ ಗಂಡನನ್ನು ಕರೆದರು.

ಅದೇ ವರ್ಷ ನಾನು ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಸೇರಿದೆ. ನೀಲವ್ವನನ್ನು ಮತ್ತೆ ನೋಡಲಿಲ್ಲ. ತಿಕೋಟಾದಿಂದ ಬಂದವರು ಹೇಳಿದ ಪ್ರಕಾರ ಅವರು ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಬಬಲೇಶ್ವರಕ್ಕೆ ಹೋಗಿದ್ದಾರೆ. ಎರಡನೆಯ ರುಮಾಲನ್ನು ಸಂಗಪ್ಪ ಕಟ್ಟುತ್ತಾರೆ, ಬಲಗಿವಿಯ ಮೇಲೆ ಒಂದು ಮಡಿಕೆ ಹೆಚ್ಚು.