ಸಿಸಿಲಿಯಾ ಬಾಯಿಯ ಮೊಣಕಾಲು ಮತ್ತು ನನ್ನ ನಕ್ಷೆ

ಮಂಗಳೂರಿನಲ್ಲಿ ನಾನು ಮಾಡಿದ ಮೊದಲ ನಕ್ಷೆಗೆ ತಗುಲಿದ್ದು ಎರಡು ಜೊತೆ ಚಪ್ಪಲಿ, ಐದು ತಿಂಗಳು, ಮತ್ತು ನನ್ನ ಮನೆಯೊಡತಿಯ ಮೊಣಕಾಲಿಗೆ ಒಂದು ವಾರದ ಬಿಸಿನೀರಿನ ಶಾಖ. ಇಷ್ಟು ದುಬಾರಿಯಾಗಲು ಕಾರಣ ಒಂದೇ. ನಾನು ಬಯಲುಸೀಮೆಯ ಗದಗದವಳು. ಗುಡ್ಡದ ಮೇಲಿನ ಊರನ್ನು ರೊಟ್ಟಿಯ ಹಾಗೆ ಚಪ್ಪಟೆ ಬಡಿದುಬಿಟ್ಟಿದ್ದೆ.

ಎಚ್ಚರಿಕೆ ಮೊದಲ ದಿನವೇ ಸಿಕ್ಕಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಊರ ಹೊರಗಿನ ಹೆದ್ದಾರಿ ವೃತ್ತ ನಂತೂರಿನಲ್ಲಿ ಲಾರಿಗಳ ನಡುವೆ ಎರಡು ಟ್ರಂಕು ಇಳಿಸಿಕೊಂಡು, ಸಿಟಿ ಬಸ್ಸು ಹತ್ತಿ ಉರ್ವ ಮಾರ್ಕೆಟಿಗೆ ಬಂದು, ಬಾಳೆಹಣ್ಣಿನ ಅಂಗಡಿಯವರ ಹತ್ತಿರ ನನ್ನ ಬಾಡಿಗೆ ಕೋಣೆಯ ದಾರಿ ಕೇಳಿದೆ.

"ಮೇಲೆ ಹೋಗಿ. ಮತ್ತೆ ಸ್ವಲ್ಪ ಕೆಳಗೆ. ಅಲ್ಲಿಂದ ಪುನಃ ಮೇಲೆ."

"ಮೂಡಲಕ್ಕೋ, ಪಡುವಲಕ್ಕೋ?"

"ಅದನ್ನು ಸೂರ್ಯನ ಹತ್ತಿರ ಕೇಳಬೇಕಷ್ಟೆ ಮಾರಾಯ್ರೆ. ನೀವು ಮೇಲೆ ಹೋಗಿ."

ಗದಗಕ್ಕೆ ಅಂಟಿಕೊಂಡ ನಮ್ಮ ಬೆಟಗೇರಿಯಲ್ಲಿ ಮಾಳಿಗೆ ಹತ್ತಿ ನಿಂತರೆ ನಾಳೆ ಬರುವ ಬಸ್ಸೂ ಇವತ್ತೇ ಕಾಣುತ್ತದೆ ಎಂದು ತಮಾಷೆ ಮಾಡುತ್ತೇವೆ. ಇಲ್ಲಿ ಹತ್ತು ಹೆಜ್ಜೆಗೊಮ್ಮೆ ರಸ್ತೆ ತಿರುಗಿ ಮಾಯವಾಗುತ್ತದೆ. ಎರಡು ಕೆಂಪುಕಲ್ಲಿನ ಗೋಡೆಗಳ ನಡುವೆ ನಿಂತು, ಆಕಾಶ ಬಿಟ್ಟರೆ ಬೇರೇನೂ ಕಾಣದೆ, ಆ ದಿನ ನಾನು ಟ್ರಂಕಿನ ಮೇಲೆ ಕುಳಿತುಬಿಟ್ಟೆ.

ನನ್ನ ಕಸುಬು ಹೇಳಿಬಿಡುತ್ತೇನೆ. ಹದಿನಾರು ವರ್ಷ ಗದಗದ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡಿದೆ. ಗದಗದ ಬಿಸಿಲಿನಲ್ಲಿ ಬೆವರುತ್ತ ನಿಂತ ಮದುಮಕ್ಕಳನ್ನು ಕತ್ತರಿಸಿ ಊಟಿಯ ಹೂದೋಟದಲ್ಲಿ ನಿಲ್ಲಿಸುವುದು ನನ್ನ ಕೆಲಸ. ಒಂದು ದಿನ ಬೇಸರವಾಗಿ, ಉಳಿದ ಚೂರುಗಳನ್ನೆಲ್ಲ, ಅಂದರೆ ಕತ್ತರಿಸಿ ಎಸೆದಿದ್ದ ಗದಗದ ಗೋಡೆ, ಕಟ್ಟೆ, ತಂತಿ, ನಾಯಿಗಳನ್ನು, ಓಣಿಗಳ ನಕ್ಷೆಯ ಮೇಲೆ ಅಂಟಿಸಿದೆ. ಜನ ನಿಂತು ನೋಡಿದರು. ಹುಬ್ಬಳ್ಳಿಯಲ್ಲಿ ತೋರಿಸಿದೆ, ಧಾರವಾಡದಲ್ಲಿ ತೋರಿಸಿದೆ. ಬಲ್ಲವರು ಇದಕ್ಕೆ ಫೋಟೊಮೊಂಟಾಜ್ ಎನ್ನುತ್ತಾರೆ. ನನಗೆ ಅದು ಕತ್ತರಿ ಮತ್ತು ಅಂಟು.

ಅದನ್ನು ನೋಡಿಯೇ ಮಂಗಳೂರಿನ ಒಂದು ಕಲಾಶಾಲೆಯ ವಿಮಲಾ ಮೇಡಂ ನನ್ನನ್ನು ಕರೆಸಿದ್ದು. ಉರ್ವದ ನಕ್ಷೆ ಮಾಡಬೇಕು. ಒಪ್ಪಿಗೆಯಾದರೆ ನಗರದ ಉಳಿದ ಭಾಗವನ್ನೂ ನನಗೇ ಕೊಡುತ್ತಾರೆ, ಎರಡು ವರ್ಷದ ಕೆಲಸ. ಅವರ ಷರತ್ತು ಒಂದೇ: "ಉರ್ವದವರು ಬಂದು ತಮ್ಮ ಮನೆಯ ಮೇಲೆ ತಾವೇ ಬೆರಳಿಡಬೇಕು. ಇಲ್ಲದಿದ್ದರೆ ಅದು ಚಂದದ ಚಿತ್ರ, ನಕ್ಷೆ ಅಲ್ಲ." ಅತ್ತ ಸ್ಟುಡಿಯೋ ಮಾಲೀಕ ಈರಣ್ಣ ಬೀಳ್ಕೊಡುವಾಗ ತನ್ನ ಷರತ್ತು ಹೇಳಿದ್ದ: "ಗಂಗವ್ವಾ, ದೀಪಾವಳಿ ತನಕ ನಿನ್ನ ಕುರ್ಚಿ ಮ್ಯಾಲೆ ಯಾರನ್ನೂ ಕುಂದರಸಂಗಿಲ್ಲ. ಆಮ್ಯಾಲೆ ನನ್ನ ಬೈಬ್ಯಾಡ." ಇಲ್ಲಿ ಸೋತರೆ ಮತ್ತೆ ಊಟಿಯ ಹೂದೋಟ.

ಬಾಡಿಗೆಗೆ ಸಿಕ್ಕಿದ್ದು ಸಿಸಿಲಿಯಾ ಬಾಯಿಯ ಮನೆಯ ಮಹಡಿ ಕೋಣೆ. ಕುವೈತಿನಲ್ಲಿ ನರ್ಸ್ ಆಗಿ ನಿವೃತ್ತರಾದ ಕೊಂಕಣಿ ಕ್ರೈಸ್ತ ಹೆಂಗಸು; ಇಲ್ಲಿ ಅಂಥವರನ್ನು ಗೌರವದಿಂದ 'ಬಾಯಿ' ಎನ್ನುತ್ತಾರೆ. ನಕ್ಷೆ ಅಂಟಿಸುವ ಹಲಗೆಗೆ ಕೋಣೆಯಲ್ಲಿ ಜಾಗ ಸಾಲಲಿಲ್ಲ. ಕೆಳಗಿನ ಸಿಟ್‌ಔಟ್, ಅಂದರೆ ಇಲ್ಲಿಯವರ ಮುಂಜಗಲಿ, ಅದರ ಗೋಡೆ ಬೇಕಿತ್ತು. "ಆಗ್ಲಿಕ್ಕಿಲ್ಲ," ಎಂದರು. ಚೌಕಾಸಿ ಮಾಡುವವರು ಮೊದಲು ಎದುರಿನವರ ಮನೆಯೊಳಗೆ ಕಣ್ಣಾಡಿಸಬೇಕು. ಗೋಡೆಯಲ್ಲಿದ್ದ ಅವರ ಮದುವೆಯ ಫೋಟೋದಲ್ಲಿ ಕಡಲ ಗಾಳಿಯ ತೇವಕ್ಕೆ ಬೂಷ್ಟು ಹಿಡಿದು, ತೀರಿಹೋದ ಯಜಮಾನರ ಅರ್ಧ ಮುಖವೇ ಹೋಗಿತ್ತು. ಬೇರೆ ಫೋಟೋಗಳಿಂದ ತುಂಡು ತೆಗೆದು ಆ ಮುಖವನ್ನು ಕೂಡಿಸಿಕೊಟ್ಟೆ. ಬಾಯಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಮೂಗು ಸರಿ ಉಂಟು. ಮೀಸೆ ಇಷ್ಟು ಚಂದ ಇರ್ಲಿಲ್ಲ ಅವರದ್ದು. ಇರ್ಲಿ ಬಿಡು." ಗೋಡೆ ನನ್ನದಾಯಿತು.

ಊಟದ ವಿಷಯದಲ್ಲಿ ಚೌಕಾಸಿ ನಡೆಯಲಿಲ್ಲ. ಕುಚ್ಚಲಕ್ಕಿ ಅನ್ನ ಮೊದಲ ತಿಂಗಳು ಬೆಣಚುಕಲ್ಲಿನಂತೆ ಹಲ್ಲಿಗೆ ತಾಗುತ್ತಿತ್ತು. ಜೋಳದ ಹಿಟ್ಟು ಹುಡುಕಿ ರೊಟ್ಟಿ ಬಡಿದರೆ, ಕೆಳಗಿನಿಂದ ಬಾಯಿ ಕೂಗುತ್ತಿದ್ದರು: "ಮೇಲೆ ಎಂತ, ಬಟ್ಟೆ ಒಗೀತಿದ್ದೀಯಾ?" ಆದರೆ ಮಾರ್ಕೆಟ್ ಬೇಗ ಕೈಗೆ ಬಂತು. ತುಳುವಿನಲ್ಲಿ ಎರಡು ಮಾತು ಕಲಿತೆ: 'ಏತ್', ಅಂದರೆ ಎಷ್ಟು, ಮತ್ತು 'ಬೊಡ್ಚಿ', ಅಂದರೆ ಬೇಡ. ಎರಡನೆಯದನ್ನು ಹೇಳಿ ಮೂರು ಹೆಜ್ಜೆ ನಡೆದ ಮೇಲೆ ಹಿಂದಿನಿಂದ "ಬಲೆ ಅಕ್ಕಾ, ಬಲೆ", ಅಂದರೆ ಬನ್ನಿ, ಎಂದು ತರಕಾರಿಯವಳು ಕರೆದ ದಿನ, ಈ ಊರಿನಲ್ಲಿ ನನಗೂ ಜಾಗವಿದೆ ಅನಿಸಿತು.

ನಾಲ್ಕು ತಿಂಗಳಿಗೆ ನಕ್ಷೆ ಮುಗಿಯಿತು. ಪ್ಲೈವುಡ್ ಹಲಗೆಯ ಮೇಲೆ ಗೇಟು, ಬಾವಿ, ಹಂಚು, ಕಾಂಪೌಂಡುಗಳ ನೂರಾರು ಚೂರುಗಳು, ಅಳತೆ ಒಂದಿಷ್ಟೂ ತಪ್ಪದಂತೆ. ಮೊದಲು ಬಾಯಿಗೆ ತೋರಿಸಿದೆ.

"ನನ್ನ ಮನೆ ಇದಾ?"

"ಹೌದು ಬಾಯಿ."

"ಮಾರ್ಕೆಟ್ ಇದಾ?" ನಡುವೆ ಕೈ ಅಗಲಿಸಿ ಇಟ್ಟರು. "ಒಂದು ಗೇಣೂ ಇಲ್ಲ! ಎಂತ ಮಾರಾಯ್ತಿ, ಇಷ್ಟು ಹತ್ತಿರ ಇದ್ದಿದ್ರೆ ನಾನು ದಿನಕ್ಕೆ ಎರಡು ಸಲ ಹೋಗ್ತಿದ್ದೆನಲ್ಲ?"

"ಅಳತಿ ಬರೋಬರಿ ಐತ್ರಿ."

"ಅದನ್ನು ನನ್ನ ಕಾಲಿನ ಗಂಟಿಗೆ ಹೇಳು. ಬಾ, ಚೀಲ ಹಿಡಿ."

ಮಾರ್ಕೆಟಿಗೆ ಇಳಿಯುವಾಗ ಏನೂ ತಿಳಿಯಲಿಲ್ಲ. ಎರಡು ತೆಂಗಿನಕಾಯಿ, ಒಂದು ಸೌತೆಕಾಯಿ ಹೊತ್ತು ಹತ್ತುವಾಗ ಬಾಯಿ ಮೂರು ಕಡೆ ನಿಂತರು. ಮೊದಲನೆಯದು ಮುರಕಲ್ಲಿನ, ಅಂದರೆ ಆ ಕೆಂಪುಕಲ್ಲಿನ, ಗೋಡೆಯ ಒಂದು ಮೂಲೆ. ಎಷ್ಟೋ ಕೈಗಳು ಹಿಡಿದು ಅಲ್ಲಿ ಕಲ್ಲು ನುಣ್ಣಗಾಗಿದೆ. ಎರಡನೆಯದು ಬಡಗಿ ಸದಾನಂದರು ಕೆಲಸ ಮಾಡುವ ಕೊಟ್ಟಿಗೆ. ಅವರು ನಮ್ಮನ್ನು ಕಾಣುವ ಮೊದಲೇ ಸ್ಟೂಲು ಹೊರಗಿಟ್ಟಿದ್ದರು. "ಎಂತ ಬಾಯಿ, ಇವತ್ತು ಚೀಲಕ್ಕೆ ಬೇರೆ ಜನ ಮಾಡಿದ್ದಾ?" ಮೂರನೆಯದು ಹಲಸಿನ ಜಾತಿಯ ಜೀಗುಜ್ಜೆ ಮರದ ನೆರಳು. ಅಲ್ಲಿ ಆಗಲೇ ಇಬ್ಬರು ಚೀಲ ಕೆಳಗಿಟ್ಟು ಮಾತಿಗೆ ನಿಂತಿದ್ದರು. ಯಾರ ಮಗ ದುಬೈಯಿಂದ ಬಂದ, ಯಾರ ಬಾವಿ ಬತ್ತಿತು, ಎಲ್ಲ ಸುದ್ದಿಯೂ ಆ ನೆರಳಿನಲ್ಲೇ ಸಿಗುತ್ತದೆ. ನಾನು ಕ್ಯಾಮೆರಾ ಹಿಡಿದು ಚಂದದ ಜಾಗಗಳಲ್ಲಿ ನಿಂತಿದ್ದೆನೇ ಹೊರತು, ಊರು ನಿಲ್ಲುವ ಜಾಗಗಳಲ್ಲಿ ನಿಂತಿರಲಿಲ್ಲ. ಹಟ ಹಿಡಿದ ಬಾಯಿ ಇನ್ನೂ ಎರಡು ದಾರಿಗಳನ್ನು ಹತ್ತಿ ತೋರಿಸಿದರು. ಸಂಜೆಗೆ ಮೊಣಕಾಲು ಊದಿಕೊಂಡಿತು.

ಕಲಾಶಾಲೆಯಲ್ಲಿ ನಕ್ಷೆಯ ಪ್ರದರ್ಶನಕ್ಕೆ ಉಳಿದಿದ್ದು ಹದಿನೈದು ದಿನ. ಹಲಗೆಯನ್ನು ಸದಾನಂದರ ಕೊಟ್ಟಿಗೆಗೆ ಹೊತ್ತು, ಊರಿನ ಏರಿಳಿತಕ್ಕೆ ತಕ್ಕಂತೆ ಕೊಯ್ದುಕೊಡಿ ಎಂದೆ.

"ಇಷ್ಟು ಅಂಟಿಸಿದ್ದನ್ನು ಕೊಯ್ಯುವುದಾ? ಮನಸ್ಸು ಬರ್ತದಾ ನಿಮಗೆ?"

"ಬರಂಗಿಲ್ಲ. ನೀವು ಕೊಯ್ರಿ, ನಾ ಆ ಕಡೆ ಮಾರಿ ತಿರುಗಸ್ತೀನಿ."

ಏಳು ತುಂಡಾಯಿತು. ಒಂದೊಂದು ತುಂಡಿನ ಕೆಳಗೆ ಒಂದೊಂದು ದಪ್ಪದ ಮರದ ಚೂರು ಕೊಟ್ಟು ಏರಿಸಿದೆವು. ಓಣಿಗಳು ಮೆಟ್ಟಿಲಾದವು. ಆ ನುಣ್ಣನೆಯ ಮೂಲೆ, ಸ್ಟೂಲು, ನೆರಳುಗಳ ಹೊಸ ಚಿತ್ರಗಳನ್ನು ಮನೆಗಳಿಗಿಂತ ದೊಡ್ಡದಾಗಿ ಅಂಟಿಸಿದೆ. ಸದಾನಂದರ ಕೂಲಿಗೆ ಬದಲಾಗಿ ಅವರ ಕೊಟ್ಟಿಗೆಗೆ ಬೋರ್ಡು ಬರೆದುಕೊಟ್ಟೆ.

ಪ್ರದರ್ಶನದ ದಿನ ಮೊದಲ ಅರ್ಧ ಗಂಟೆ ಜನ ಕೈಕಟ್ಟಿ ನೋಡಿದರು, ಯಾರೂ ಬೆರಳಿಡಲಿಲ್ಲ. ವಿಮಲಾ ಮೇಡಂ ಗಡಿಯಾರ ನೋಡತೊಡಗಿದರು. ಆಗ ಬಾಯಿ ರಿಕ್ಷಾದಲ್ಲಿ ಬಂದರು. ಕೆಳಗೆ ಮಾರ್ಕೆಟಿನ ಮೇಲೆ ಬೆರಳಿಟ್ಟು ಒಂದೊಂದೇ ಮೆಟ್ಟಿಲು ಏರಿಸಿದರು. ಮೂಲೆಯಲ್ಲಿ ನಿಲ್ಲಿಸಿದರು. "ಇಲ್ಲಿ ಸದಾನಂದನ ಸ್ಟೂಲು," ಎಂದು ಮತ್ತೆ ನಿಲ್ಲಿಸಿದರು. ತಮ್ಮ ಗೇಟು ಮುಟ್ಟುವಾಗ ನಿಜವಾಗಿಯೂ ಉಸಿರು ಬಿಟ್ಟರು. ಅವರ ಬೆನ್ನಿಗೇ ಸಾಲು ಬೆಳೆಯಿತು. ಸ್ವಲ್ಪ ಹೊತ್ತಿನಲ್ಲಿ ಜಗಳವೂ ಶುರುವಾಯಿತು: "ನಿಮ್ಮ ಮನೆ ನಮ್ಮದಕ್ಕಿಂತ ಮೇಲೆ ಯಾವಾಗ ಹೋದದ್ದು?" ಜಗಳವಾಡಲು ಎಲ್ಲರೂ ತಮ್ಮ ತಮ್ಮ ಮನೆಯ ಮೇಲೆ ಬೆರಳಿಟ್ಟಿದ್ದರು.

"ಹೊಳೆಯಾಚೆ ತೊಕ್ಕೊಟ್ಟು ತನಕ ಉಳಿದ ನಗರವನ್ನೂ ಮಾಡ್ತೀರಾ?" ವಿಮಲಾ ಮೇಡಂ ಕೇಳಿದರು.

"ಮಾಡ್ತೀನ್ರಿ. ಚಪ್ಪಲಿ ಮಾತ್ರ ನಿಮ್ಮವು."

ಈರಣ್ಣನಿಗೆ ಫೋನು ಮಾಡಿದೆ. "ಹಂಗಾರ ಕುರ್ಚಿ ಕೊಟ್ಟುಬಿಡ್ಲೇನವಾ?" ಎಂದ. ಕೊಡು ಎಂದೆ.

ಹಬ್ಬಕ್ಕೆ ಬೆಟಗೇರಿಗೆ ಹೋದಾಗ ಯಾರೋ ಸ್ಟೇಷನ್ನಿಗೆ ದಾರಿ ಕೇಳಿದರು. "ಹೀಂಗ ಕೆಳಗ ಹೋಗ್ರಿ," ಎಂದುಬಿಟ್ಟೆ. ಆತ ತನ್ನ ಕಾಲ ಕೆಳಗಿನ ನೆಲ ನೋಡಿದ, ನನ್ನ ಮುಖ ನೋಡಿದ. "ಎಲ್ಲಿಯವರ್ರೀ ನೀವು?" ಎಂದ. ನನ್ನ ಓಣಿಯಲ್ಲೇ ನಿಂತು, "ಇಲ್ಲಿಯಾಕೀನ ರೀ," ಎಂದು ನೇರ ಮುಂದಕ್ಕೆ ಕೈ ತೋರಿಸಿದೆ.

ಆದ್ದರಿಂದ ಹೊಸ ಊರಿಗೆ ಹೊರಟವರಿಗೆ ನನ್ನ ಮಾತು. ಗಟ್ಟಿ ಚಪ್ಪಲಿ ಕೊಳ್ಳಿ. 'ಎಷ್ಟು' ಕಲಿಯುವ ಮೊದಲು 'ಬೇಡ' ಕಲಿಯಿರಿ. ಬಾಡಿಗೆ ಮನೆ ನೋಡಲು ಬರಿಗೈಯಲ್ಲಿ ಹೋಗಬೇಡಿ, ಮಾರ್ಕೆಟಿನಿಂದ ತುಂಬಿದ ಚೀಲ ಹಿಡಿದು ನಡೆದು ಹೋಗಿ. ಊರನ್ನು ಯಾರ ಜೊತೆ ಸುತ್ತಬೇಕು ಎಂಬ ಪ್ರಶ್ನೆ ಬಂದರೆ, ಓಡುವವರನ್ನು ಬಿಟ್ಟು ಮೊಣಕಾಲು ನೋಯುವವರನ್ನು ಹುಡುಕಿ. ಎಲ್ಲಿ ನಿಂತರೆ ಸ್ಟೂಲು ಸಿಗುತ್ತದೆ ಎಂಬುದು ಅವರಿಗೇ ಗೊತ್ತು. ಚೀಲ ಮಾತ್ರ ನೀವೇ ಹೊರಿ.