ಎಣ್ಣೆ ಹತ್ತಿದ ಹಾಳೆ

ಅಂಕಪಟ್ಟಿ ಹುಡುಕಲು ಹಳೆಯ ಫೈಲು ಬಿಚ್ಚಿದಾಗ ಕರಿದ ಎಣ್ಣೆಯ ಕಮಟು ವಾಸನೆ ಬಂತು. ಅಂಚಿನುದ್ದಕ್ಕೂ ತೂತುಗಳಿರುವ ಕಂಪ್ಯೂಟರ್ ಕಾಗದದ ಒಂದು ಹಾಳೆ. ಅದನ್ನು ನಾನು ಅಕ್ಕನ ಮೇಜಿನಿಂದ ಕದ್ದಿದ್ದೆ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಪುತ್ತೂರಿನ ಕಾಲೇಜೊಂದರ ಕಂಪ್ಯೂಟರ್ ಕೋಣೆಯಲ್ಲಿ ನನ್ನ ಜೊತೆಗಿದ್ದವರು. ಕೊಲ್ಲಮೊಗ್ರಿನವರು; ಓದಿದ್ದು ಪಿಯುಸಿ, ಜೊತೆಗೆ ಟೈಪಿಂಗ್. ನಾನು ಎಂಎಸ್ಸಿ. ವಯಸ್ಸಿನಲ್ಲಿ ನಾನು ಚಿಕ್ಕವಳಾದರೂ ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ಆದರೆ ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದು "ಅಕ್ಕ ಇಲ್ವಾ?" ಎಂದೇ. ನಾನು ಅಲ್ಲೇ ಕೂತಿರುತ್ತಿದ್ದೆ...

ನಮ್ಮದು ಯುನಿಕ್ಸ್ ಯಂತ್ರ. ಬೆಳಿಗ್ಗೆ ಚಾಲೂ ಮಾಡಿದರೆ ಮೆಮೊರಿ ಎಷ್ಟು, ಡಿಸ್ಕ್ ಹೇಗಿದೆ ಎಂದು ಸಾಲುಸಾಲಾಗಿ ಹೇಳುತ್ತಾ ಏಳುತ್ತಿತ್ತು. ಪರದೆ ತುಂಬಿದೊಡನೆ ಆ ಸಾಲುಗಳು ಮೇಲೆ ಸರಿದು ಮಾಯ. ಅಕ್ಕ ದಿನವೂ ಅವನ್ನು ಪ್ರಿಂಟರಿನಲ್ಲಿ ಅಚ್ಚು ಹಾಕಿಸಿ, ತಾರೀಕು ಬರೆದು, ಕಪಾಟಿನಲ್ಲಿ ಕಟ್ಟಿ ಇಡುತ್ತಿದ್ದರು. ಅದೇ ಸಾಲುಗಳನ್ನು ಡಿಸ್ಕಿನಲ್ಲೇ ಫೈಲಿಗೆ ಸೇರಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ನಾನು ಬರೆದೆ. ಪ್ರಿನ್ಸಿಪಾಲರು ನೋಡಿ, "ಒಳ್ಳೆದು. ಆದ್ರೆ ಅಕ್ಕನ ಕಾಗದವೂ ಇರ್ಲಿ" ಎಂದರು. ಅಂದಿನಿಂದ ನಾನು ಅಕ್ಕನ ಜೊತೆ ಮಾತು ನಿಲ್ಲಿಸಿದೆ.

ತಂಗಿಯ ಮದುವೆಗೆಂದು ಅವರು ಒಂದು ವಾರ ಊರಿಗೆ ಹೋದಾಗ ಆ ಕಟ್ಟನ್ನು ಕ್ಯಾಂಟೀನಿಗೆ ಕೊಟ್ಟುಬಿಟ್ಟೆ. ಎಣ್ಣೆಯಲ್ಲಿ ಕರಿದ ಗೋಳಿಬಜೆ ಕಟ್ಟಿಕೊಡಲು ಅಲ್ಲಿ ಯಾವಾಗಲೂ ಕಾಗದ ಬೇಕಿತ್ತು.

ಅವರು ಮರಳಿದ ದಿನವೇ ಯಂತ್ರ ಏಳಲಿಲ್ಲ. ಡಿಸ್ಕ್ ಕೆಟ್ಟಿತ್ತು. ಮಕ್ಕಳ ವರ್ಷದ ಅಂಕಗಳೆಲ್ಲ ಅದರಲ್ಲಿದ್ದವು. ನನ್ನ ಫೈಲೂ ಅದರಲ್ಲೇ. ವಾರವಿಡೀ ಅದು ಎಲ್ಲವನ್ನೂ ಬರೆದುಕೊಂಡಿತ್ತು, ನಾನು ಒಮ್ಮೆಯೂ ತೆರೆದು ಓದಿರಲಿಲ್ಲ. ಅಂಕಗಳ ಪ್ರತಿಯನ್ನಷ್ಟೇ ದಿನವೂ ಸಂಜೆ ಟೇಪಿಗೆ ತೆಗೆದಿಡುತ್ತಿದ್ದೆವು. ಮಂಗಳೂರಿನಿಂದ ಬಂದ ಇಂಜಿನಿಯರು, "ಟೇಪಿನಿಂದ ವಾಪಸ್ ತುಂಬಬಹುದು. ಆದ್ರೆ ದೋಷ ಮೊದಲು ಕಂಡದ್ದು ಯಾವತ್ತು? ಅದಕ್ಕಿಂತ ಮುಂಚಿನ ಟೇಪನ್ನು ಮಾತ್ರ ನಂಬಬಹುದು" ಎಂದರು.

ಅಕ್ಕ ಕಪಾಟು ತೆರೆದರು. ಖಾಲಿ.

"ಹಳೆ ಕಾಗದ ಅಂತ... ಕ್ಯಾಂಟೀನಿಗೆ ಕೊಟ್ಟೆ" ಎಂದೆ, ಅವರಿಗಷ್ಟೇ ಕೇಳುವಂತೆ.

ಅವರು ನನ್ನನ್ನು ಒಮ್ಮೆ ನೋಡಿ ಮೆಟ್ಟಿಲಿಳಿದು ಓಡಿದರು. ನಾನೂ ಹಿಂದೆಯೇ ಹೋದೆ.

"ಎಂತ ಅಕ್ಕ, ಬಜೆ ತಿಂದವರ ಹತ್ರ ಕಾಗದ ವಾಪಸ್ ಕೇಳುದಾ?" ಕ್ಯಾಂಟೀನಿನವರು ನಕ್ಕರು.

"ನಗಾಡ್ಬೇಡಿ ಮಾರಾಯ್ರೆ, ಉಳಿದದ್ದು ಉಂಟಾ ಹೇಳಿ."

ಹತ್ತಿಪ್ಪತ್ತು ಹಾಳೆ ಉಳಿದಿದ್ದವು, ಎಣ್ಣೆ ಕೈಯ ಗುರುತಿನೊಂದಿಗೆ. ತೀರಾ ಕೊನೆಯದು ಅಕ್ಕ ರಜೆಗೆ ಹೊರಟ ಮುನ್ನಾದಿನದ್ದು. ಅದರಲ್ಲಿ ಡಿಸ್ಕಿನ ದೋಷ ಹೇಳುವ ಒಂದು ಸಾಲಿನ ಕೆಳಗೆ ಅಕ್ಕ ಎಳೆದ ಕೆಂಪು ಗೆರೆ. ಅದಕ್ಕೂ ಹಿಂದಿನ ಹಾಳೆಗಳಲ್ಲಿ ಆ ಸಾಲೇ ಇರಲಿಲ್ಲ. ಇಂಜಿನಿಯರಿಗೆ ಅಷ್ಟು ಸಾಕಾಯಿತು. ಅಂಕಗಳು ಉಳಿದವು.

"ಇದು ಕ್ಯಾಂಟೀನಿಗೆ ಹೋದದ್ದು ಹೇಗೆ?" ಪ್ರಿನ್ಸಿಪಾಲರು ಗದರಿದರು.

"ನಾನೇ ಸರ್. ಜಾಗ ಇರ್ಲಿಲ್ಲ" ಎಂದರು ಅಕ್ಕ.

ನನಗೆ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಇನ್ನಷ್ಟು ಹೊಟ್ಟೆಕಿಚ್ಚು. ಒಳ್ಳೆಯತನದಲ್ಲೂ ಅವರೇ ಮುಂದೆ! ಆ ಕೆಂಪು ಗೆರೆ ಮತ್ತೆ ಕಪಾಟು ಸೇರುವುದು ನನಗೆ ಬೇಡವಾಗಿತ್ತು. ಸಂಜೆ ಆ ಹಾಳೆಯನ್ನು ಅಕ್ಕನ ಮೇಜಿನಿಂದ ಎತ್ತಿ, ಮಡಚಿ ಚೀಲಕ್ಕೆ ಹಾಕಿಕೊಂಡೆ, ಮನೆಯಲ್ಲಿ ಫೈಲಿಗೆ ತುರುಕಿದೆ. ವರ್ಷ ಕಳೆಯುವ ಮೊದಲೇ ಬೇರೆ ಊರಿನಲ್ಲಿ ಕೆಲಸ ಹಿಡಿದೆ. ಆಮೇಲೆ ಅವರಿಗೊಂದು ಕಾಗದವನ್ನೂ ಬರೆಯಲಿಲ್ಲ... ಅವರು ತೀರಿಕೊಂಡ ಸುದ್ದಿ ನನ್ನನ್ನು ತಲುಪುವಾಗ ವರ್ಷವಾಗಿತ್ತು.

ಇಂದು ಮೊದಲ ಬಾರಿಗೆ ಹಾಳೆಯ ಹಿಂಬದಿ ನೋಡಿದೆ. ಪೆನ್ಸಿಲಿನಲ್ಲಿ ಅವರ ದುಂಡು ಅಕ್ಷರ: "ಈ ಸಾಲು ಹೊಸತು. ಮೇಡಂ ಹತ್ರ ಕೇಳ್ಬೇಕು. ಅವರಿಗೆ ಗೊತ್ತಿರ್ತದೆ."

ಕೇಳಲೆಂದು ನನ್ನ ಮೇಜಿನವರೆಗೆ ಬಂದಿರಲೂಬಹುದು. ನಾನು ತಲೆ ಎತ್ತಿರಲಿಕ್ಕಿಲ್ಲ.