ಹಗೇವಿನ ಸಾಯಮ್ಮನ ಮೂಗು

ರಾಯಿಕೋಡಿನ ಆಚೆಯ ಹಳ್ಳಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಪಟೇಲನ ವಾಡೆಯ ಅಂಗಳದಲ್ಲಿ ಹಗೇವು ತೆರೆದಿದೆ. ನೆಲದಾಳದಲ್ಲಿ ಜೋಳ ತುಂಬಿಡುವ ಗುಂಡಿ ಅದು. ಸಾಯಮ್ಮ ಬುಟ್ಟಿಯಲ್ಲಿ ದೀಪವಿಟ್ಟು ಹಗ್ಗದಿಂದ ಇಳಿಬಿಡುತ್ತಾಳೆ. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ. ಆರುವುದಿಲ್ಲ. ಒಬ್ಬ ಆಳು ಇಳಿದು ಮೊದಲ ಬುಟ್ಟಿ ಜೋಳವನ್ನು ಮೇಲೆ ಕಳಿಸುತ್ತಾನೆ.

"ಮೂಸಿ ನೋಡಿ ಚಲೋ ಅದ ಅನ್ನು. ಅಷ್ಟ ಸಾಕು," ಎನ್ನುತ್ತಾನೆ ಪಟೇಲ. ಕೂಲಿಯೆಂದು ಈ ಜೋಳ ಒಯ್ಯಬೇಕಾದ ಕೇರಿಯವರೆಲ್ಲ ಸುತ್ತ ನಿಂತಿದ್ದಾರೆ.

ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಸಾಯಮ್ಮನಿಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ಅದು ಪಟೇಲನಿಗೆ ಚೆನ್ನಾಗಿ ಗೊತ್ತು. ಆ ಶಕ್ತಿಯನ್ನು ಕಿತ್ತುಕೊಂಡವನೂ ಆತನೇ.

ಈ ಸೀಮೆಯಲ್ಲೊಂದು ಕಟ್ಟಳೆಯಿದೆ. ಹೊಸದಾಗಿ ತೆರೆದ ಹಗೇವಿನ ಮೊದಲ ಹಿಡಿಯನ್ನು ಸಾಯಮ್ಮ ಮೂಸುವವರೆಗೆ ಯಾವ ಮನೆಯ ಬೀಸುಕಲ್ಲೂ ತಿರುಗುವುದಿಲ್ಲ. ತಾಯಿಯಿಂದ ಬಂದ ಕೆಲಸ. ವರ್ಷಕ್ಕೆ ಮೂವತ್ತು, ಮೂವತ್ತೈದು ಹಗೇವು. ಒಂದಕ್ಕೊಂದು ಮೊರ ಜೋಳ. ಐವತ್ತು ದಾಟಿದ ಈ ವಿಧವೆಯ ಬದುಕು ಅಷ್ಟರಲ್ಲೇ ನಡೆಯುತ್ತದೆ.

ಎರಡು ವರ್ಷದ ಹಿಂದೆ, ನಿಜಾಮ ಸರ್ಕಾರದ ಲೆವಿ ಧಾನ್ಯ ವಸೂಲಿಯ ದಿನಗಳಲ್ಲಿ, ಪಟೇಲ ಒಳ್ಳೆಯ ಜೋಳ ಬಚ್ಚಿಟ್ಟು ಮುಗ್ಗಲು ಜೋಳವನ್ನು ಕೇರಿಗೆ ಹಂಚಲು ಹೊರಟ. "ಇದು ಮುಗ್ಗ್ಯಾದ, ದನಾನೂ ತಿನ್ನಂಗಿಲ್ಲ" ಎಂದು ಸಾಯಮ್ಮ ಎಲ್ಲರೆದುರು ಹೇಳಿದಳು. ಪಟೇಲ ಕಣ್ಸನ್ನೆ ಮಾಡಿದ. ಆತನ ಆಳೊಬ್ಬ ಹಿಂದಿನಿಂದ ಬಂದು ಎಳೆದು ಕೆಡವಿದ. ಹಗೇವಿನ ಮುಚ್ಚುಗಲ್ಲಿಗೆ ಆಕೆಯ ಹಿಂದಲೆ ಬಡಿಯಿತು.

ಗಾಯ ತಿಂಗಳಲ್ಲಿ ಮಾಯಿತು. ಒಳಗೆ ಕಳೆದುಹೋದದ್ದೇನೆಂದು ಆಕೆಗೂ ತಿಳಿಯಲಿಲ್ಲ. ಆಮೇಲೆ ಮತ್ತೊಬ್ಬರ ಹಗೇವು ಮೂಸಿದಳು. ಕೆಟ್ಟ ವಾಸನೆ ಬರಲಿಲ್ಲ, ಚಲೋ ಅದ ಎಂದಳು. ಹನ್ನೊಂದು ಮನೆಯವರು ರೊಟ್ಟಿ ತಿಂದು ಹಾಸಿಗೆ ಹಿಡಿದರು. ಕೇರಿಯ ಪೋಚಪ್ಪನ ಮುದಿ ತಾಯಿ ಮತ್ತೆ ಏಳಲಿಲ್ಲ.

"ನನ್ನ ಮಾತು ನಂಬಿ ಉಂಡಳ್ರಿ ಆ ಮುದುಕಿ. ಮೂಗಿಗೆ ಏನೂ ಬರವಲ್ದು ಅಂತ ನನಗ ಅವತ್ತ ಗೊತ್ತಾತು," ಎಂದು ಸಾಯಮ್ಮ ಇಂದಿಗೂ ಕೇಳಿದವರಿಗೆ ಹೇಳುತ್ತಾಳೆ. ಪಟೇಲ ಮಾತ್ರ, ಮೂಗು ನೆಟ್ಟಗಿದೆ, ಇವಳು ಆ ಹಗೇವಿನವರಿಂದ ಲಂಚ ತಿಂದು ನಾಟಕ ಹೂಡಿದ್ದಾಳೆ ಎಂದು ಊರೆಲ್ಲ ಸಾರಿಸಿದ. ಎಂಥ ನಾಲಿಗೆ!

ಜಹೀರಾಬಾದಿನ ಡಾಕ್ಟರೊಬ್ಬರು ಪರೀಕ್ಷಿಸಿ ನಿಜ ಹೇಳಿದರು. ಮೂಗಿನ ಮೇಲುಗಡೆ ಜರಡಿಯಂತೆ ತೂತುಬಿದ್ದ ತೆಳ್ಳನೆಯ ಎಲುಬಿದೆ. ಕೂದಲಿಗಿಂತ ಸಣ್ಣ ನರಗಳು ಆ ತೂತುಗಳಲ್ಲಿ ಹಾದು, ಮಿದುಳಿನ ಮುಂಭಾಗದ ಅಡಿಯಲ್ಲಿರುವ ಎರಡು ಪುಟ್ಟ ಗಡ್ಡೆಗಳಿಗೆ ವಾಸನೆಯ ಸುದ್ದಿ ಮುಟ್ಟಿಸುತ್ತವೆ. ಹಿಂದಲೆಗೆ ಪೆಟ್ಟು ಬಿದ್ದಾಗ ಮಿದುಳು ಒಳಗೇ ಜಗ್ಗಿ ಆ ನರಗಳು ಹರಿಯುತ್ತವೆ. ಸುದ್ದಿ ಬಾರದ ಗಡ್ಡೆಗಳೂ ಬರಬರುತ್ತ ಬತ್ತುತ್ತವೆ. ಹೊರಗಿನ ಮೂಗು ಮಾತ್ರ ಇದ್ದಂತೆಯೇ ಇರುತ್ತದೆ.

ಪೋಚಪ್ಪ ಒಂದು ವರ್ಷ ಆಕೆಯ ಮುಖ ನೋಡಲಿಲ್ಲ. ಕೊನೆಗೆ ತಾನೇ ಜಹೀರಾಬಾದಿಗೆ ಹೋಗಿ ಡಾಕ್ಟರನ್ನು ಕೇಳಿ ಬಂದ.

ಈಗ ಸಾಯಮ್ಮ ಹಲ್ಲಿನಿಂದ ಪರೀಕ್ಷಿಸುತ್ತಾಳೆ. ಒಳ್ಳೆಯ ಕಾಳು ಕಟಕ್ಕನೆ ಒಡೆಯುತ್ತದೆ, ಮುಗ್ಗಿದ್ದು ಮೆತ್ತಗೆ ಜಜ್ಜಿ ಕಹಿಯಾಗುತ್ತದೆ. ಕಹಿ ನಾಲಿಗೆಗೆ ಇನ್ನೂ ತಿಳಿಯುತ್ತದೆ. ಪಟೇಲನಿಗೆ ಬೇಕಾದದ್ದು ಆಕೆಯ ಹಲ್ಲಲ್ಲ, ಸತ್ತ ಮೂಗು. ಅದು ಮೂಸಿದರೆ ಕಟ್ಟಳೆ ಮುಗಿದು ಮುಗ್ಗಿದ್ದೂ ಕೇರಿಗೆ ಸಾಗುತ್ತದೆ.

"ಮೂಸು," ಎಂದು ಆತ ಮತ್ತೆ ಗದರುತ್ತಾನೆ.

"ಮೂಗು ನೀವ ಕಸ್ಕೊಂಡೀರಲ್ಲರಿ ಪಟೇಲ್ರ," ಎನ್ನುತ್ತಾಳೆ ಸಾಯಮ್ಮ. ಹಿಡಿ ಜೋಳ ಬಾಯಿಗೆ ಹಾಕಿ ಅಗಿಯುತ್ತಾಳೆ. ಅಂದು ಕೆಡವಿದ್ದ ಪಟೇಲನ ಆಳು ಇಂದೂ ಆಕೆಯ ಹಿಂದೆ ಬರಲು ನೋಡುತ್ತಾನೆ, ಬರಲಾಗುವುದಿಲ್ಲ. ಅಲ್ಲಿ ಪೋಚಪ್ಪ ಬಂದು ನಿಂತಿದ್ದಾನೆ.

ಸಾಯಮ್ಮ ಬಾಯಲ್ಲಿದ್ದುದನ್ನು ಪಟೇಲನ ಕಾಲ ಬುಡಕ್ಕೆ ಉಗುಳಿ, ಕೇರಿಗೆಲ್ಲ ಕೇಳುವಂತೆ ಹೇಳುತ್ತಾಳೆ: "ಮುಗ್ಗ್ಯಾದ."